ಅರವತ್ತು ಸೆಕೆಂಡಿನ ಸೋಬಾನೆ

ಬೆಳಿಗ್ಗೆ ಹಳೇ ಲ್ಯಾಪ್‌ಟಾಪ್ ಬಿಸಿಯಾಗಿ ಸುಟ್ಟ ಧೂಳಿನ ವಾಸನೆ ಬಂತು. ನಾನು ಚಿಕ್ಕವಳಿದ್ದಾಗ ಶಿಕಾರಿಪುರದ ಚಿಕ್ಕಪ್ಪನ ಕಂಪ್ಯೂಟರಿಗೂ ಇದೇ ವಾಸನೆಯಿತ್ತು. ಅದಕ್ಕೆ ಕಸೂತಿ ಬಟ್ಟೆಯ ಮುಸುಕು. ಆ ಕೋಣೆಗೆ ಕಾಲು ತೊಳೆದೇ ಹೋಗಬೇಕಿತ್ತು.

ಕುಪ್ಪಗಡ್ಡೆಯ ನಮ್ಮಜ್ಜಿ ಮದುವೆಮನೆಗಳಲ್ಲಿ ಸೋಬಾನೆ ಹಾಡುವವಳು. ಮದುಮಗಳನ್ನು ಗಂಡನ ಮನೆಗೆ ಕಳಿಸುವ ಅವಳ ಹಾಡನ್ನು ಕಂಪ್ಯೂಟರಿಗೆ ತುಂಬಲು ಚಿಕ್ಕಪ್ಪ ಮೈಕ್ ತಂದಿದ್ದ. ಅಜ್ಜಿ ಸೆರಗು ಹೊದ್ದು, ಮೈಕಿಗೆ ಕೈಮುಗಿದು ಶುರು ಮಾಡಿದಳು. ಮೊದಲು ಗಣಪ, ಆಮೇಲೆ ಬಸವಣ್ಣ, ಚಂದ್ರಗುತ್ತಿ ಅಮ್ಮ. ಅಷ್ಟರಲ್ಲಿ ರೆಕಾರ್ಡಿಂಗ್ ತಾನಾಗಿಯೇ ನಿಂತಿತು. ಅದು ಒಮ್ಮೆಗೆ ಅರವತ್ತು ಸೆಕೆಂಡು ಮಾತ್ರ ಹಿಡಿಯುತ್ತಿತ್ತು.

"ಅವ್ವಾ, ನಿಂತಲ್ಲಿಂದ ಮುಂದಕ್ಕೆ ಹಾಡು. ನಾನು ಜೋಡಿಸ್ತೀನಿ," ಎಂದ ಚಿಕ್ಕಪ್ಪ.

"ದೇವ್ರನ್ನ ಕರೀದೆ ಹೆಣ್ಣು ಕಳಿಸ್ತಾರೇನೋ?" ಎಂದು ಅಜ್ಜಿ ಮತ್ತೆ ಗಣಪನಿಂದಲೇ ಹಿಡಿದಳು. ಮತ್ತೆ ನಿಂತಿತು.

ಏಳೆಂಟು ಸಲ ಹೀಗೇ ಆಯಿತು. ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಬಟನ್ ಒತ್ತುತ್ತಿದ್ದ ನನಗೆ ಅಳು ಬಂತು. ಹಾಡಿ ಹಾಡಿ ಅಜ್ಜಿಯ ದನಿ ಕಟ್ಟಿತು.

"ಇದಕ್ಕೆ ಪುರುಸೊತ್ತಿಲ್ಲ ಕಣ್ರೋ. ಇವಳ ಮದುವೇಲಿ ಪೂರ್ತಿ ಹಾಡ್ತೀನಿ, ಬಿಡಿ," ಎಂದು ನನ್ನ ತಲೆ ಸವರಿ ಎದ್ದಳು.

ನನ್ನ ಮದುವೆಯವರೆಗೆ ಅಜ್ಜಿ ಉಳಿಯಲಿಲ್ಲ. ಫ್ಲಾಪಿಯಲ್ಲಿ ಉಳಿದ ಆ ಒಂದು ನಿಮಿಷ ಈಗ ಈ ಲ್ಯಾಪ್‌ಟಾಪಿನಲ್ಲಿದೆ. ಮುಂದಿನ ವಾರ ಚಿಕ್ಕಪ್ಪನ ಮಗಳ ಮದುವೆ. ನಿನ್ನೆ ಫೋನಿನಲ್ಲಿ ಅವನು ಕೇಳಿದ: "ಅವ್ವನ ಹಾಡು, ಅದರ ಮುಂದಿಂದು ನಿಂಗೆ ನೆನಪಿದೆಯೇನೇ?"

ಇವತ್ತು ಮತ್ತೆ ಮತ್ತೆ ಹಾಕಿ ಕೇಳಿದೆ. ಕರೆದ ದೇವರೆಲ್ಲ ಬಂದು ಕೂತಿದ್ದಾರೆ. ಹೆಣ್ಣು ಕಳಿಸುವ ಹಾಡು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.