ಆರ್ಡಿಸ್ ಬಟ್ಟಲಿನ ತೂಕ

ತುಂಬಿದ ಲಾರಿ ಒಳಗೆ ಬರುವಾಗ ಒಂದು ತೂಕ, ಸುರಿದು ಹೊರಗೆ ಹೋಗುವಾಗ ಒಂದು ತೂಕ. ನಡುವಿನ ವ್ಯತ್ಯಾಸವೇ ಧಾನ್ಯ. ನಮ್ಮೂರಿನ ಗೋದಾಮಿನ ವೇಬ್ರಿಡ್ಜ್‌ನಲ್ಲಿ ಇಪ್ಪತ್ತಾರು ವರ್ಷ ಆರ್ಡಿಸ್ ಟ್ವೇಟ್ ಮಾಡಿದ್ದು ಇಷ್ಟೇ ಕೆಲಸ. ಕಿಟಕಿಯಾಚೆ ನಿಂತ ರೈತ "ಈ ಸಲ ಭರ್ತಿ ಬೆಳೆ" ಅನ್ನಲಿ, "ಏನೂ ಇಲ್ಲ ಕಣೆ, ಬರೀ ಹೊಟ್ಟು" ಅನ್ನಲಿ, ಅವಳು ತಲೆಯೆತ್ತುತ್ತಿರಲಿಲ್ಲ. ಮುಳ್ಳು ಅಲ್ಲಾಡುವುದು ನಿಲ್ಲುವವರೆಗೆ ಕಾದು, ಅದು ಹೇಳಿದ್ದನ್ನು ಬರೆಯುತ್ತಿದ್ದಳು. ನಿವೃತ್ತಿಯ ದಿನ ಗೋದಾಮಿನವರು ಗೋಡೆ ಗಡಿಯಾರ ಕೊಟ್ಟರು. ಮರುದಿನವೇ ಅದನ್ನು ಅಂಗಡಿಗೆ ವಾಪಸು ಕೊಟ್ಟು ಅಡುಗೆಮನೆಯ ತಕ್ಕಡಿ ತಂದಳು.

ಮಿನೆಸೋಟದ ಪಶ್ಚಿಮದ ಬಯಲಿನಲ್ಲಿರುವ ನಮ್ಮ ನೋರ್ಡಾಲ್‌ನಲ್ಲಿ ಬಾಯಿಮಾತು ನಂಬಿಕೊಂಡು ಅಡುಗೆ ಕಲಿಯಲು ಆಗುವುದಿಲ್ಲ. ಜನ ಸುಳ್ಳರೆಂದಲ್ಲ, ಸಭ್ಯತೆ ಜಾಸ್ತಿ. ಯಾರು ಬಡಿಸಿದ್ದೂ ಇಲ್ಲಿ ಕೆಟ್ಟದಾಗಿರುವುದಿಲ್ಲ. ಬಾಯಿಗಿಡಲು ಆಗದಿದ್ದರೆ "ಬೇರೆ ಥರ ಇದೆ" ಅನ್ನುತ್ತಾರೆ. ನಿಜಕ್ಕೂ ರುಚಿಯಾಗಿದ್ದರೆ "ಪರವಾಗಿಲ್ಲ" ಅನ್ನುತ್ತಾರೆ. ಅದಕ್ಕೂ ಮೇಲಿನ ಹೊಗಳಿಕೆ ಯಾರ ಬಾಯಿಂದಾದರೂ ಬಂದರೆ ಹಣೆ ಮುಟ್ಟಿ ಜ್ವರವಿದೆಯೇ ನೋಡಬೇಕು.

ಆರ್ಡಿಸ್‌ಳ ಗಂಡ ವರ್ಲಿನ್ ಇಪ್ಪತ್ತೊಂಬತ್ತು ವರ್ಷಗಳಿಂದ ನಾಲ್ಕನೇ ನಂಬರಿನ ಶಾಲಾ ಬಸ್ಸು ಓಡಿಸುತ್ತಿದ್ದಾನೆ. ಅದಕ್ಕೂ ಮುಂಚೆ ಹಸು ಸಾಕಿದ್ದ. ಯಾವ ತಿರುವಿನಲ್ಲಿ ಮಂಜು ಕಟ್ಟುತ್ತದೆ, ಯಾವ ಮನೆಯ ನಾಯಿ ಬಸ್ಸಿನ ಚಕ್ರಕ್ಕೆ ಬೊಗಳುತ್ತದೆ ಎಲ್ಲವೂ ಅವನಿಗೆ ಗೊತ್ತು. ಬೇಸಿಗೆ ರಜೆಯಲ್ಲೂ ವಾರಕ್ಕೊಮ್ಮೆ ಹೋಗಿ ಬಸ್ಸಿಗೆ ನೀರು ಹೊಡೆದು ಬರುತ್ತಾನೆ. ಹೋದ ಮೇ ಕೊನೆಯಲ್ಲಿ ಹಾಗೆ ನೀರು ಹೊಡೆಯುತ್ತಿದ್ದಾಗಲೇ ಎದೆ ಹಿಡಿದುಕೊಂಡಿತು. ಎರಡು ಸ್ಟೆಂಟ್ ಹಾಕಿದರು.

ಹೃದಯದ ಡಾಕ್ಟರು ಬ್ರೆಕ್ಕೆ ಎಂಬ ಹೆಂಗಸು, ಪಕ್ಕದ ಜಿಲ್ಲೆಯವರೇ. ಆಸ್ಪತ್ರೆಯಿಂದ ಬಿಡುವ ದಿನ ಕುರ್ಚಿ ಎಳೆದುಕೊಂಡು ಕೂತರು.

"ನೋಡಿ ವರ್ಲಿನ್, ನಿಮ್ಮ ಡ್ರೈವರ್ ಕಾಗದಕ್ಕೆ ನಾನು ರುಜು ಹಾಕ್ಬೇಕು. ಶಾಲೆ ಶುರುವಾಗೋ ಮುಂಚೆ, ಆಗಸ್ಟ್ ಕೊನೇಲಿ ರಕ್ತ ನೋಡ್ತೀನಿ. ಸರಿ ಇದ್ರೆ ಹಾಕ್ತೀನಿ, ಇಲ್ದಿದ್ರೆ ಇಲ್ಲ. ಸೊಪ್ಪು, ತರಕಾರಿ, ಕಾಳು, ಪಾಲಿಶ್ ಮಾಡದ ಧಾನ್ಯ ತಿನ್ನಿ. ಎಣ್ಣೆ, ಬೆಣ್ಣೆ, ಕೆನೆ ಮರ್ತುಬಿಡಿ."

"ಸೊಪ್ಪು ಅಂದ್ರೆ ಹಸೀದಾ, ಡಾಕ್ಟ್ರೇ?"

"ಹಸೀದೂ."

"ಇಪ್ಪತ್ತು ವರ್ಷ ಹಸು ಸಾಕ್ದವನು ನಾನು. ಅದನ್ನ ಅರಗಿಸ್ಕೊಳ್ಳೋಕೆ ಅವಕ್ಕೆ ನಾಕು ಹೊಟ್ಟೆ ಕೊಟ್ಟಿದಾನೆ ದೇವ್ರು. ನಂಗೆ ಒಂದೇ."

"ಆ ಒಂದು ಸ್ವಲ್ಪ ಚಿಕ್ಕದಾದ್ರೂ ನಡಿಯುತ್ತೆ," ಎಂದರು ಡಾಕ್ಟರು.

ತೊಡಕಿದ್ದದ್ದು ಸೊಪ್ಪಿನಲ್ಲಲ್ಲ, ಅದರ ಮೇಲೆ ಸುರಿಯುವುದರಲ್ಲಿ. ರ‍್ಯಾಂಚ್ ಎಂದರೆ ಮೊಟ್ಟೆ, ಎಣ್ಣೆ ಕಡೆದ ಮೇಯೋನೀಸ್, ಮಜ್ಜಿಗೆ, ಹುಳಿ ಕೆನೆ ಕಲಸಿ ಮಾಡುವ ಬಿಳಿ ಡ್ರೆಸಿಂಗ್. ವರ್ಲಿನ್ ಅದನ್ನು ಆಲೂಗಡ್ಡೆಗೆ, ಬಟಾಣಿಗೆ, ಪಿಜ್ಜಾಗೆ, ಒಮ್ಮೆ ಕಣ್ತಪ್ಪಿ ಸೇಬಿನ ಹೂರಣದ ಪೈಗೂ ಹಾಕಿಕೊಂಡು ತಿಂದವನು, ಅದೂ ದೂರಿಲ್ಲದೆ. ಎಲೆಯೆಂದರೆ ಅವನ ಪಾಲಿಗೆ ರ‍್ಯಾಂಚನ್ನು ಬಾಯಿಗೆ ಸಾಗಿಸುವ ಗಾಡಿ. ಚರ್ಚಿನ ಊಟಗಳಲ್ಲೂ ಅವನಿಗೆ ಎಲೆಯ ಅಭ್ಯಾಸವಾಗಿರಲಿಲ್ಲ. ನಮ್ಮ ಚರ್ಚಿನಲ್ಲಿ ಸಲಾಡ್ ಅಂದರೆ ಹಸಿರು ಜೆಲ್ಲಿಯೊಳಗೆ ತೇಲುವ ಕ್ಯಾರೆಟ್ ತುರಿ, ಇಲ್ಲವೇ ಚಾಕೊಲೇಟ್ ಚೂರು ಸೇರಿಸಿ ಕೆನೆಯಲ್ಲಿ ಮುಳುಗಿಸಿದ ಸೇಬು.

ಜೂನ್ ಮೊದಲ ವಾರ ಗಂಡ ಹೆಂಡತಿ ಅಂಗಡಿಯ ಡ್ರೆಸಿಂಗ್ ಸಾಲಿನ ಮುಂದೆ ನಿಂತರು. ಸಾಲು ಬಸ್ಸಿನಷ್ಟು ಉದ್ದವಿತ್ತು. ವರ್ಲಿನ್ ಒಂದು ನಿಮಿಷದಲ್ಲಿ ಆರಿಸಿದ. ಹಸಿರು ಮುಚ್ಚಳದ ಬಾಟಲಿ, ಮೇಲೆ ದಪ್ಪಕ್ಷರದಲ್ಲಿ 'ಕೊಬ್ಬುರಹಿತ ರ‍್ಯಾಂಚ್'.

"ಸೊನ್ನೆ ಅಂತ ಬರ್ದಿದಾರೆ ನೋಡು. ಸೊನ್ನೇನ ಎಷ್ಟು ಸಲ ಕೂಡಿದ್ರೂ ಸೊನ್ನೇನೇ."

ಆರ್ಡಿಸ್ ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿದಳು. "ಇದ್ರಲ್ಲಿ ಸೋಯಾ ಎಣ್ಣೆ ಇದೆ."

"ಸೊನ್ನೆ ಅಂತಲ್ವಾ ಇರೋದು?"

"ಒಂದು ಸಲದ ಅಳತೇಲಿ ಅರ್ಧ ಗ್ರಾಮಿಗಿಂತ ಕಮ್ಮಿ ಇದ್ರೆ ಸೊನ್ನೆ ಅಂತ ಬರೀಬಹುದಂತೆ, ಆಸ್ಪತ್ರೇಲಿ ಕೊಟ್ಟ ಹಾಳೇಲಿತ್ತು. ನಾನು ವೇಬ್ರಿಡ್ಜ್‌ನಲ್ಲಿ ಹೀಗೆ ಬರ್ದಿದ್ರೆ ನನ್ನ ಜೈಲಿಗೆ ಹಾಕ್ತಿದ್ರು."

"ಇಷ್ಟು ಚಿಕ್ಕದನ್ನ ನೀನು ಓದೋದು, ನಾನು ಎಲೆ ತಿನ್ನೋದು. ನ್ಯಾಯ ಅಲ್ವಾ?" ವರ್ಲಿನ್ ಆರು ಬಾಟಲಿ ಗಾಡಿಗಿಟ್ಟ.

ಅವನು ಮಾತಿಗೆ ತಪ್ಪಲಿಲ್ಲ. ದಿನಕ್ಕೆರಡು ಸಲ ಒಂದು ಬೇಸಿನ್ ಸೊಪ್ಪು ತಿಂದ. ಜುಲೈ ಮಧ್ಯದಲ್ಲಿ ರಕ್ತ ಪರೀಕ್ಷೆಗೆ ಹೋಗುವಾಗ, ಬಹುಮಾನ ತರಲು ಹೊರಟವನಂತೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಡಾಕ್ಟರು ಹಾಳೆ ನೋಡಿ ಕನ್ನಡಕ ತೆಗೆದರು. ಕೊಲೆಸ್ಟ್ರಾಲ್ ಒಂದಿಷ್ಟು ಇಳಿದಿತ್ತು. ರಕ್ತದ ಇನ್ನೊಂದು ಕೊಬ್ಬು, ಟ್ರೈಗ್ಲಿಸರೈಡ್, ಏರಿತ್ತು, ಮೈತೂಕ ನಾಲ್ಕು ಪೌಂಡು ಹೆಚ್ಚಾಗಿತ್ತು.

"ಸಿಹಿ ಎಲ್ಲಿಂದ ಬರ್ತಿದೆ ವರ್ಲಿನ್?"

"ಸಿಹಿನಾ? ಎಲೆ ಬಿಟ್ರೆ ಬೇರೆ ಮುಟ್ಟಿಲ್ಲ ಡಾಕ್ಟ್ರೇ, ಆಣೆಗೂ."

ಮನೆಗೆ ಬರುವ ದಾರಿಯಲ್ಲಿ ಬಸ್ಸಿನ ಷೆಡ್ಡು ಬಂದಾಗ ವರ್ಲಿನ್ ಕಾರಿನ ವೇಗ ತಗ್ಗಿಸಿ, ಸಾಲಾಗಿ ನಿಂತ ಹಳದಿ ಬಸ್ಸುಗಳನ್ನು ನೋಡಿದ. "ನಾಲ್ಕನೇ ನಂಬರನ್ನ ಯಾರಿಗೆ ಕೊಡ್ತಾರೋ," ಎಂದ. "ಅದರ ಕ್ಲಚ್ ಎಲ್ಲರ ಮಾತೂ ಕೇಳಲ್ಲ."

ಆರ್ಡಿಸ್ ಮನೆಗೆ ಬಂದವಳೇ ತಕ್ಕಡಿ ಮೇಜಿನ ಮೇಲಿಟ್ಟಳು. ಮರುದಿನ ಬೆಳಿಗ್ಗೆ ಗಂಡ ಏಳುವ ಮುಂಚೆ ಬಾಟಲಿಯ ತೂಕ ಬರೆದುಕೊಂಡಳು, ಸಂಜೆಯೂಟ ಮುಗಿದ ಮೇಲೆ ಮತ್ತೆ ಬರೆದಳು. ನಂತರ ಚೀಟಿಯನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

"ಏನಿದು?"

"ಒಂದು ಸಲದ ಅಳತೆ ಅಂತ ಅವರು ಹೇಳಿರೋದು ಎರಡು ದೊಡ್ಡ ಚಮಚ, ಒಂದು ಔನ್ಸು. ನೀನು ಇವತ್ತು ಸುರ್ಕೊಂಡಿದ್ದು ಒಂಬತ್ತು ಔನ್ಸು. ಔನ್ಸಿಗೆ ಒಂದೂವರೆ ಟೀ ಚಮಚ ಸಕ್ಕರೆ. ಹದಿಮೂರೂವರೆ ಚಮಚ ಸಕ್ಕರೆ ಎಲೆ ಮೇಲೆ ಉದುರಿಸ್ಕೊಂಡು ತಿಂದಿದೀಯ, ಮಾರಾಯ."

ವರ್ಲಿನ್ ಬಾಟಲಿಯನ್ನು ದಿಟ್ಟಿಸಿದ. "ಕೊಬ್ಬುರಹಿತ ಅಂದ್ರು. ಸಕ್ಕರೆರಹಿತ ಅನ್ಲಿಲ್ಲ."

"ಅವರು ಹೇಳಿದ್ದು ಸರಿನೇ. ನೀನು ಕೇಳಿಸ್ಕೊಂಡಿದ್ದು ಜಾಸ್ತಿ."

ಉಳಿದದ್ದು ಐದೇ ವಾರ. ಆರ್ಡಿಸ್ ತಾನೇ ಡ್ರೆಸಿಂಗ್ ಮಾಡಲು ನಿಂತಳು. ಬಾಟಲಿಯಿಂದ ಬಂದದ್ದು ಏನೂ ಬೇಡ, ತೋಟದಲ್ಲೋ ಡಬ್ಬದಲ್ಲೋ ಇಡಿಯಾಗಿ ಕಾಣುವಂಥದ್ದು ಮಾತ್ರ ಎಂದು ನಿಯಮ ಹಾಕಿಕೊಂಡಳು. ವಿನೆಗರಿಗೆ ಮಾತ್ರ ವಿನಾಯಿತಿ. ಗೋಡಂಬಿ ರುಬ್ಬಿದರೆ ಕೆನೆಯಂತಾಗುತ್ತದೆ ಎಂದು ಯಾರೋ ಹೇಳಿದ್ದರು. ಗೋಡಂಬಿಯಲ್ಲಿ ಅರ್ಧದಷ್ಟು ಕೊಬ್ಬೇ ಎಂದು ಓದಿ ಅದನ್ನು ಪಕ್ಕಕ್ಕಿಟ್ಟಳು. ಬಿಳಿ ಬೀನ್ಸ್ ಕಾಳು ಬೇಯಿಸಿ ರುಬ್ಬಿದಳು.

ಮೊದಲ ಸಲ ವರ್ಲಿನ್ ಮೂರು ತುತ್ತು ತಿಂದು ಕಿಟಕಿಯ ಕಡೆ ನೋಡುತ್ತ, "ಬೇರೆ ಥರ ಇದೆ," ಎಂದ. ಉಳಿದದ್ದನ್ನು ಆರ್ಡಿಸ್ ಸ್ನಾನದ ಮನೆಯ ಗೋಡೆಯ ಬಿರುಕಿಗೆ ಮೆತ್ತಿದಳೆಂದು ಅವನು ಊರಲ್ಲಿ ಹೇಳಿಕೊಂಡು ತಿರುಗಿದ. ಅದು ಸುಳ್ಳು. ಆದರೆ ಮೆತ್ತಬಹುದಿತ್ತು ಎಂದು ಅವಳೇ ಒಪ್ಪಿದಳು. ಎರಡನೆಯದಕ್ಕೆ ನಿಂಬೆ ಹಿಂಡಿದಳು. "ಇದೂ ಬೇರೆ ಥರ ಇದೆ. ಬೇರೆಗಿಂತ ಬೇರೆ." ಮೂರನೆಯದಕ್ಕೆ ಬೆಳ್ಳುಳ್ಳಿ ಹೆಚ್ಚಾಯಿತು, ಅಂಚೆಯವನು ಎರಡು ದಿನ ಪತ್ರಗಳನ್ನು ದೂರದಿಂದಲೇ ಎಸೆದು ಹೋದ. ಏಳನೆಯದಕ್ಕೆ ಹಿತ್ತಲಿನ ಮೂಲೆಯಲ್ಲಿ ಅತ್ತೆಯ ಕಾಲದಿಂದ ಬೆಳೆದುಕೊಂಡಿದ್ದ, ಮೂಗಿಗೆ ಹೊಡೆಯುವ ಬಿಳಿ ಖಾರದ ಬೇರು ಅಗೆದು ತುರಿದಳು. ಸಬ್ಬಸಿಗೆ ಸೊಪ್ಪು, ಅರೆದ ಸಾಸಿವೆ, ವಿನೆಗರ್, ಎಳೆ ಸೌತೆಕಾಯಿ ಸೇರಿಸಿದಳು.

ವರ್ಲಿನ್‌ನ ಕಣ್ಣಲ್ಲಿ ನೀರು ಬಂತು. ಮೂಗು ಒರೆಸಿಕೊಂಡ. ಬಟ್ಟಲಿಗೆ ಮತ್ತೆ ಕೈ ಹಾಕಿದ.

"ಪರವಾಗಿಲ್ಲ," ಎಂದ.

ಆರ್ಡಿಸ್ ಅವನು ಮಲಗಲು ಹೋದ ಮೇಲೆ ಬಟ್ಟಲು ತೂಗಿದಳು. ಆರು ಔನ್ಸು ಕಡಿಮೆಯಾಗಿತ್ತು. ಆಮೇಲೆ ನಂಬಿದಳು.

ಮೂರು ವಾರ ಹಾಗೇ ನಡೆಯಿತು. ಅವನ ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದ. ರಕ್ತ ಪರೀಕ್ಷೆ ಗುರುವಾರವಿತ್ತು. ಅದರ ಹಿಂದಿನ ಭಾನುವಾರ ಚರ್ಚಿನ ಮೆಕ್ಕೆಜೋಳದ ಊಟ. ಆವತ್ತು ಇಡೀ ಊರು ಸೇರಿ ತೆನೆ ಬೇಯಿಸಿ ತಿನ್ನುತ್ತದೆ. ಪ್ರತಿ ಮನೆಯಿಂದಲೂ ಒಂದು ಬಟ್ಟಲು ಬರುತ್ತದೆ, ತಳಕ್ಕೆ ಹೆಸರು ಬರೆದ ಪಟ್ಟಿ ಅಂಟಿಸಿರುತ್ತದೆ. ಗಂಡ ಅಲ್ಲೂ ದಾರಿ ತಪ್ಪದಿರಲೆಂದು ಆರ್ಡಿಸ್ ದೊಡ್ಡ ಬಟ್ಟಲಿನ ತುಂಬ ಅದೇ ಡ್ರೆಸಿಂಗ್ ಮಾಡಿದಳು. ಹೊರಡುವ ಮುಂಚೆ ತೂಗಿದಳು. ಬಟ್ಟಲು ಸೇರಿ ಐದು ಪೌಂಡು ಎರಡು ಔನ್ಸು.

ಚರ್ಚಿನ ಅಡುಗೆಮನೆ ವರ್ಲಿನ್‌ನ ಅಕ್ಕ ಲವಾನ್‌ಳ ರಾಜ್ಯ. ಅವಳು ಮುಚ್ಚಳ ಎತ್ತಿ ಮೂಸಿದಳು.

"ಇದೇನೇ ಆರ್ಡಿಸ್?"

"ಬೀನ್ಸ್ ಕಾಳಿನ ಡ್ರೆಸಿಂಗು. ಎಣ್ಣೆ ಇಲ್ಲ."

"ಓ." ಮುಚ್ಚಳವನ್ನು ಮತ್ತೆ ಮುಚ್ಚಿದಳು. "ಎಷ್ಟು ಧೈರ್ಯ ನಿಂಗೆ."

ಊಟ ಭರ್ಜರಿಯಾಗಿ ನಡೆಯಿತು. ವರ್ಲಿನ್ ಬೆಣ್ಣೆ ಸವರದ ತೆನೆ ತಿಂದ, ಲೆಟ್ಯೂಸ್ ಎಲೆ ಗುಡ್ಡೆ ಹಾಕಿಕೊಂಡು ಆರ್ಡಿಸ್‌ಳ ಬಟ್ಟಲಿನಿಂದ ಮೂರು ಸಲ ಬಡಿಸಿಕೊಂಡ. ಮೂರನೆಯ ಸಲ ಬಂದು ಹೆಂಡತಿಯ ಕಿವಿಯಲ್ಲಿ, "ಇವತ್ತು ತುಂಬ ಚೆನ್ನಾಗಿದೆ ಕಣೆ, ತುಂಬಾನೇ ಚೆನ್ನಾಗಿದೆ," ಎಂದ.

ಆರ್ಡಿಸ್‌ಳ ಕೈಯಲ್ಲಿದ್ದ ತೆನೆ ಅಲ್ಲೇ ನಿಂತಿತು. ಮದುವೆಯಾಗಿ ನಲವತ್ತೆರಡು ವರ್ಷ, ಆ ಮಾತನ್ನು ಅವಳು ಕೇಳಿರಲಿಲ್ಲ.

ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಬಟ್ಟಲನ್ನು ತಕ್ಕಡಿಗಿಟ್ಟಳು. ಐದು ಪೌಂಡು ಒಂಬತ್ತು ಔನ್ಸು. ಇಳಿಸಿ, ತಕ್ಕಡಿ ಒರೆಸಿ, ಮತ್ತೆ ಇಟ್ಟಳು. ಅಷ್ಟೇ. ಜನ ತಿಂದ ಮೇಲೆ ಬಟ್ಟಲು ಏಳು ಔನ್ಸು ಹೆಚ್ಚು ತೂಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಒಂದು ಲಾರಿಯೂ ಸುರಿದು ಹೋಗುವಾಗ ಭಾರವಾಗಿರಲಿಲ್ಲ.

ಕಾರು ತಿರುಗಿಸಿ ಚರ್ಚಿಗೆ ಬಂದಾಗ ಲವಾನ್ ಪಾತ್ರೆ ತೊಳೆಯುತ್ತಿದ್ದಳು. ಪಾಸ್ಟರ್ ಸಿಗ್ರಿಡ್ ಒರೆಸುತ್ತಿದ್ದರು. ತೆನೆ ಬೇಯಿಸುವ ಗೋರ್ಡಿ ಹಂಡೆ ಕವುಚುತ್ತಿದ್ದ.

"ಲವಾನ್, ನನ್ನ ಬಟ್ಟಲಿಗೆ ಏನು ಹಾಕ್ದೆ?"

"ನಾನಾ?" ಲವಾನ್ ನೊರೆಯೊಳಗೆ ಕೈ ಮುಳುಗಿಸಿದಳು. "ಒಂದೇ ಒಂದು ಸೌಟು ಮೇಯೋನೀಸ್ ಕಣೆ. ಜನ ಮುಟ್ಟದೆ ಬಿಟ್ರೆ ನಿಂಗೆ ಬೇಜಾರಾಗುತ್ತಲ್ಲ ಅಂತ."

"ಒಂದು ಸೌಟಿಗೆ ಅಷ್ಟು ತೂಕ ಬರಲ್ಲ."

"ಹಾಕೋಕೆ ಹೋದಾಗ್ಲೇ ಅದು ಮೊದ್ಲಿಗಿಂತ ಬೆಳ್ಳಗಿತ್ತಪ್ಪ, ನನ್ನಾಣೆ."

ಪಾಸ್ಟರ್ ಸಿಗ್ರಿಡ್ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು. "ಒಂದು ಡಬ್ಬಿ ಹುಳಿ ಕೆನೆ ಮಿಕ್ಕಿತ್ತು ಆರ್ಡಿಸ್. ನೀವು ಆ ಮೂಲೇಲಿ ಒಬ್ರೇ ನಿಂತಿದ್ರಿ. ನೋಡೋಕಾಗ್ಲಿಲ್ಲ."

ಎಲ್ಲರೂ ಗೋರ್ಡಿಯ ಕಡೆ ತಿರುಗಿದರು. ಅವನು ಟೋಪಿ ತೆಗೆದ.

"ಕರಗಿಸಿದ ಬೆಣ್ಣೆ," ಎಂದ. "ಎರಡು ಸಲ."

ಮೂವರಲ್ಲಿ ಯಾರಿಗೂ ಇನ್ನಿಬ್ಬರ ಉಪಕಾರ ಗೊತ್ತಿರಲಿಲ್ಲ. ಆರ್ಡಿಸ್ ಕೂಗಾಡಲಿಲ್ಲ. ನಮ್ಮೂರಿನಲ್ಲಿ ಕೂಗಾಡುವುದು ಬಿರುಗಾಳಿಗೆ ಮೀಸಲು. "ಗುರುವಾರ ಅವನ ರಕ್ತ ನೋಡ್ತಾರೆ," ಎಂದಳು. "ಬಸ್ಸು ಹೋದ್ರೆ ಅವನು ಬೆಳಿಗ್ಗೆ ಯಾಕೆ ಏಳ್ಬೇಕು, ಹೇಳಿ." ಲವಾನ್ ಕೈ ಒರೆಸಿಕೊಂಡು ಅಳಲು ಶುರುಮಾಡಿದಳು. ಗೋರ್ಡಿ ಹಂಡೆ ಎತ್ತಿಕೊಂಡು ಹೊರಗೆ ಹೋದ.

ಗುರುವಾರ ಆರ್ಡಿಸ್ ಆಸ್ಪತ್ರೆಗೆ ಒಂದು ಚೀಟಿ, ಒಂದು ಶೀಷೆ ಡ್ರೆಸಿಂಗ್ ತೆಗೆದುಕೊಂಡು ಹೋದಳು. ಹಾಳೆ ಬರುವ ಮುಂಚೆಯೇ ಚೀಟಿಯನ್ನು ಡಾಕ್ಟರ ಮುಂದಿಟ್ಟಳು. ಭಾನುವಾರ ಯಾರು ಏನು ಹಾಕಿದರು, ಎಷ್ಟು ಔನ್ಸು, ವರ್ಲಿನ್ ಅಂದಾಜು ಎಷ್ಟು ತಿಂದ, ಎಲ್ಲ ಅದರಲ್ಲಿತ್ತು. ಡಾಕ್ಟರು ಎರಡು ಸಲ ಓದಿ ಬಾಯಿಗೆ ಕೈ ಅಡ್ಡ ಹಿಡಿದರು.

"ಒಂದೂಟದಿಂದ ಒಂದು ತಿಂಗಳ ಕೆಲಸ ಅಳಿಸಿ ಹೋಗಲ್ಲ ಆರ್ಡಿಸ್," ಎಂದರು. ಅಷ್ಟರಲ್ಲಿ ಹಾಳೆ ಬಂತು. ಕೊಲೆಸ್ಟ್ರಾಲ್ ಇಳಿದಿತ್ತು, ಟ್ರೈಗ್ಲಿಸರೈಡ್ ಇಳಿದಿತ್ತು, ಮೈತೂಕ ಹನ್ನೊಂದು ಪೌಂಡು ಕಡಿಮೆಯಾಗಿತ್ತು. ವರ್ಲಿನ್ ತೊಡೆಯ ಮೇಲಿನ ಟೋಪಿಯನ್ನು ಸುತ್ತ ತಿರುಗಿಸುತ್ತ ಪೆನ್ನಿನ ಕಡೆ ನೋಡುತ್ತಿದ್ದ. ಪೆನ್ನು ಕಾಗದದ ಮೇಲೆ ಓಡಿತು.

"ಅದೇನು ಆ ಶೀಷೇಲಿ, ಅದೇ ಡ್ರೆಸಿಂಗಾ?" ಡಾಕ್ಟರು ಚಮಚದ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟರು. ಕಿಟಕಿಯ ಕಡೆ ನೋಡಿದರು.

"ಬೇರೆ ಥರ ಇದೆ," ಎಂದರು.

ಡಾಕ್ಟರ ಮಾತಿಗೆ ವರ್ಲಿನ್ ತಮಾಷೆಗಲ್ಲದೆ ಎಂದೂ ಎದುರಾಡಿದವನಲ್ಲ. ಅಂದು ರುಜು ಬಿದ್ದ ಕಾಗದವನ್ನು ಮೊದಲು ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ, "ಪರವಾಗಿಲ್ಲ ಅದು ಡಾಕ್ಟ್ರೇ," ಎಂದ. "ನೀವು ಇನ್ನೊಂದು ಚಮಚ ತಗೊಂಡು ನೋಡ್ಬೇಕು."

ಸೆಪ್ಟೆಂಬರ್ ಮೊದಲ ಮಂಗಳವಾರ ಬೆಳಿಗ್ಗೆ ಆರು ಐವತ್ತಕ್ಕೆ ನಾಲ್ಕನೇ ನಂಬರಿನ ಬಸ್ಸು ನಮ್ಮ ಬೀದಿಯಲ್ಲಿ ಹಾದುಹೋಯಿತು. ಆ ಭಾನುವಾರದ ಚರ್ಚಿನ ಊಟಕ್ಕೆ ಆರ್ಡಿಸ್ ಮತ್ತೆ ಬಟ್ಟಲು ತಂದಳು. ಈ ಸಲ ಪಟ್ಟಿ ತಳಕ್ಕಲ್ಲ, ಮುಚ್ಚಳದ ಮೇಲೆ ಅಂಟಿಸಿದ್ದಳು: 'ದಯವಿಟ್ಟು ಸಹಾಯ ಮಾಡಬೇಡಿ.' ಬಟ್ಟಲಿನ ಹತ್ತಿರ ಯಾರೂ ಸುಳಿದಂತೆ ಕಾಣಲಿಲ್ಲ, ವರ್ಲಿನ್ ಒಬ್ಬನನ್ನು ಬಿಟ್ಟು. ಮನೆಗೆ ಬಂದು ತೂಗಿದರೆ ಎಂಟು ಔನ್ಸು ಇಳಿದಿತ್ತು. ವರ್ಲಿನ್‌ನ ಲೆಕ್ಕ ಆರು. ಉಳಿದೆರಡು ಔನ್ಸು ಯಾರದೆಂದು ಅವಳು ಯೋಚಿಸುತ್ತಿರುವಾಗಲೇ ಲವಾನ್ ಫೋನು ಮಾಡಿದಳು.

"ಆ ಬೇರು," ಎಂದಳು ಲವಾನ್, ದನಿ ತಗ್ಗಿಸಿ, "ಎಷ್ಟು ತುರೀತೀಯ?"