ಬೇಲು ಹೊಲಿಯುವ ಏಕಾಂತಪ್ಪನ ಹೊಟ್ಟೆಯುರಿ

ಆದೋನಿಯ ಹತ್ತಿ ಪ್ರೆಸ್ಸಿನಲ್ಲಿ ಬೇಲು ಹೊಲಿಯುತ್ತಿದ್ದ ಏಕಾಂತಪ್ಪನಿಗೆ ಸಿಟ್ಟು ಊರ ಮಂದಿಯ ಮೇಲೆಲ್ಲ ಬರುತ್ತಿತ್ತು. ಹೊಟ್ಟೆಯುರಿ ಮಾತ್ರ ಒಬ್ಬನೇ ಒಬ್ಬನ ಮೇಲೆ. ಆತ ಷಡ್ಡಕ ಮೂಕಪ್ಪ. ಏಕಾಂತಪ್ಪನ ಹೆಂಡತಿ ಲಿಂಗಕ್ಕ, ಆಕೆಯ ಅಕ್ಕ ಬಸವಕ್ಕನನ್ನು ಮಾಡಿಕೊಂಡವನು ಮೂಕಪ್ಪ. ಅದೇ ಊರಲ್ಲಿ ಎರಡು ಓಣಿ ಆಚೆ ಮಗ್ಗ ಹಾಕಿಕೊಂಡು ಸೀರೆ ನೇಯುತ್ತಿದ್ದ.

ಮೊದಲು ಒಂಬತ್ತು ವರ್ಷ ಏಕಾಂತಪ್ಪನದೇ ಮೇಲುಗೈ. ಯಂತ್ರ ಅಮುಕಿ ಪಟ್ಟಿ ಬಿಗಿದ ಹತ್ತಿಯ ದಿಂಡಿಗೆ, ಅಂದರೆ ಬೇಲಿಗೆ, ಗೋಣಿತಟ್ಟು ಹೊದಿಸಿ ದಬ್ಬಣದಿಂದ ಹೊಲಿಯುವುದು ಆತನ ಕೆಲಸ. ಆ ಬೇಲು ರೈಲಿನಲ್ಲಿ ಮುಂಬಯಿಗೆ, ಅಲ್ಲಿಂದ ಹಡಗಿನಲ್ಲಿ ಜಪಾನಿಗೆ ಹೋಗುತ್ತಿತ್ತು. ಜಪಾನಿನವರು ಹತ್ತಿ ಒಯ್ದು ಸೀರೆ ಮಾಡಿ ನಮ್ಮ ಬಜಾರಿಗೇ ಕಳಿಸುತ್ತಿದ್ದರು, ಅದೂ ಮೂಕಪ್ಪನ ಸೀರೆಯ ಅರ್ಧ ಬೆಲೆಗೆ. ಏಕಾಂತಪ್ಪ ಹೊಲಿದಷ್ಟೂ ಮೂಕಪ್ಪ ಬಡವಾಗುತ್ತಿದ್ದ. ಹೊಳಗುಂದದ ಅತ್ತೆಯ ಮನೆಗೆ ಹೋದರೆ ಹಿರಿ ಅಳಿಯನನ್ನು ಬಿಟ್ಟು ಫ್ಯಾಕ್ಟರಿ ಅಳಿಯನಿಗೇ ಮೊದಲು ಊಟದ ಗಂಗಾಳ ಬರುತ್ತಿತ್ತು. ಏಕಾಂತಪ್ಪ ತುಪ್ಪ ಹಾಕಿಸಿಕೊಳ್ಳುತ್ತ, "ಯಣ್ಣಾ, ಆ ಮಗ್ಗ ಮಾರಿ ಎರಡು ಕುರಿ ತಗೋ. ವರ್ಷಕ್ಕ ಮರಿಯರ ಹಾಕ್ತಾವ" ಅನ್ನುತ್ತಿದ್ದ. ಮೂಕಪ್ಪ ನಕ್ಕು ರೊಟ್ಟಿ ಮುರಿಯುತ್ತಿದ್ದ.

ಹತ್ತೊಂಬತ್ತುನೂರ ಮೂವತ್ತಮೂರನೇ ಇಸವಿ. ಇನ್ನೂ ಎರಡು ತಿಂಗಳ ಕೆಲಸ ಇರಬೇಕಾದ ಹೊತ್ತಿನಲ್ಲಿ ಪ್ರೆಸ್ಸಿನ ಬಾಗಿಲು ಬಿತ್ತು. ಮೇಸ್ತ್ರಿ ಮಲ್ಲಯ್ಯ ಗೇಟಿನ ಮುಂದೆ ನಿಂತು ಹೇಳಿದ, "ಜಪಾನಿನ ಬಟ್ಟಿ ಮ್ಯಾಲ ನಮ್ಮ ಸರಕಾರ ಸುಂಕ ಏರಿಸೇತಿ. ಅದಕ್ಕ ಅವರು ನಿಮ್ಮ ಹತ್ತಿ ನಮಗ ಬ್ಯಾಡ ಅಂದಾರ. ಕಟ್ಟಿದ ಬೇಲೇ ಗೋದಾಮಿನಾಗ ಬಿದ್ದಾವ. ಇನ್ನ ಯಾರಿಗೆ ಕಟ್ಟೋದು?"

"ಸುಂಕ ಯಾಕ ಏರಿಸ್ಯಾರ?" ಅಂತ ಏಕಾಂತಪ್ಪ ಕೇಳಿದ.

"ನಮ್ಮ ಮಿಲ್ಲು, ಮಗ್ಗ ಬದುಕಲಿ ಅಂತ."

ಮಗ್ಗ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಏಕಾಂತಪ್ಪ ಗೇಟಿಗೆ ಬೆನ್ನು ತಿರುಗಿಸಿದ. ದಿಲ್ಲಿಯ ದೊರೆಗಳು ಮೂಕಪ್ಪನ ಹೆಸರು ಹಿಡಿದೇ ಸುಂಕ ಹಾಕಿದ್ದಾರೇನೋ ಅನ್ನುವ ಹಂಗೆ ಹಲ್ಲು ಕಡಿಯುತ್ತ ಮನೆಗೆ ಬಂದ.

ಜಪಾನಿನ ಸೀರೆ ತುಟ್ಟಿಯಾಗಿ, ದಸರೆಯ ಹೊತ್ತಿಗೆ ಮೂಕಪ್ಪ ಎರಡನೇ ಮಗ್ಗ ಹಾಕಿದ. ಬಸವಕ್ಕನ ಮೂಗಿಗೆ ಹೊಸ ನತ್ತು ಬಂತು. ಒಂದು ಸಂಜೆ ಲಿಂಗಕ್ಕನ ತಲೆಗೂದಲಲ್ಲಿ ನೂಲಿನ ಎಳೆ ಕಂಡಿತು.

"ಎಲ್ಲಿಗೆ ಹೋಗಿದ್ದಿ?"

"ಅಕ್ಕನ ಮನಿಗೆ, ನೂಲು ಸುತ್ತಾಕ. ಮೂರು ವಾರದಿಂದ ಹೋಗಾಕ್ಹತ್ತೀನಿ. ನೀವು ಉಣ್ಣೋ ಜೋಳ ಆಕಾಶದಿಂದ ಉದುರಿದ್ದು ಅನ್ಕೊಂಡಿದ್ರೇನು?"

ಏಕಾಂತಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ಮರುದಿನದಿಂದ ಬಜಾರಿನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತ. ಸೀರೆ ಕೊಳ್ಳಲು ಬಂದ ಹೆಂಗಸರಿಗೆಲ್ಲ, "ಜಪಾನೀದು ತಗೋರಿ ತಾಯಿ, ನುಣುಪು ನೋಡ್ರಿ. ಮಗ್ಗದ್ದು ಒಗೆದರ ಗೋಣಿಚೀಲ ಆಗತೈತಿ" ಅಂತ ತಾನಾಗಿಯೇ ಹೇಳತೊಡಗಿದ. ಜಪಾನಿನ ಸೀರೆ ಖರ್ಚಾದರೆ ಹತ್ತಿಯೂ ಜಪಾನಿಗೆ ಹೋದೀತು, ಮೂಕಪ್ಪನ ಸೊಕ್ಕೂ ಇಳಿದೀತು ಅಂತ ಆತನ ಲೆಕ್ಕ. ಕೋಸಗಿಯಿಂದ ಬಂದ ಮುದುಕಿಯೊಬ್ಬಳು ಆತನನ್ನು ಮೇಲೆ ಕೆಳಗೆ ನೋಡಿ, "ಏನಪಾ, ಜಪಾನಿನಾಗ ಬೀಗತನ ಮಾಡೀಯೇನು?" ಅಂದಳು. ಅಂಗಡಿಯೆಲ್ಲ ನಕ್ಕಿತು. ಮುದುಕಿ ಮಗ್ಗದ ಸೀರೆಯನ್ನೇ ತಗೊಂಡು ಹೋದಳು.

ಈ ಸುದ್ದಿ ಮೂಕಪ್ಪನಿಗೂ ಮುಟ್ಟಿರಬೇಕು. ಆತ ಸಿಟ್ಟಾಗಿ ನಾಲ್ಕು ಮಾತು ಬೈದಿದ್ದರೆ ಏಕಾಂತಪ್ಪನ ಜೀವ ತಣ್ಣಗಾಗುತ್ತಿತ್ತು. ಆದರೆ ಆತ ಮನೆಗೆ ಬಂದು, "ತಮ್ಮಾ, ಎರಡನೇ ಮಗ್ಗಕ್ಕ ಆಳು ಸಿಕ್ಕಿಲ್ಲ. ಬಾ, ನಾ ಕಲಿಸ್ತೀನಿ" ಅಂದ.

"ನಾ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕೂಡೋ ಮನುಷ್ಯ ಅಲ್ಲ," ಅಂದ ಏಕಾಂತಪ್ಪ. ಹೆಂಡತಿಯ ದುಡಿಮೆಯ ಜೋಳ ಉಂಡರೂ ಷಡ್ಡಕನ ಹೊಸ್ತಿಲು ಮಾತ್ರ ತುಳಿಯಲಿಲ್ಲ.

ಸಂಕ್ರಾಂತಿ ಆದಮೇಲೆ ಪ್ರೆಸ್ಸಿನ ಸೀಟಿಯ ಕೂಗು ಮತ್ತೆ ಕೇಳಿಸಿತು. "ಜಪಾನಿನವರ ಜೋಡಿ ರಾಜಿ ಆಗೇತಿ," ಅಂದ ಮಲ್ಲಯ್ಯ. "ಅವರು ಇಷ್ಟು ಬೇಲು ಒಯ್ದರ ನಾವು ಇಷ್ಟು ಗಜ ಬಟ್ಟಿ ಒಳಗ ಬಿಡಬೇಕಂತ."

ಆ ವರ್ಷ ಏಕಾಂತಪ್ಪ ಹೊಲಿದ ಹಂಗೆ ಯಾವ ವರ್ಷವೂ ಹೊಲಿದಿರಲಿಲ್ಲ. ಒಂದೊಂದು ಬೇಲಿನ ಬೆನ್ನು ತಟ್ಟಿ, "ಹೋಗು, ಸೀರಿ ಆಗಿ ಬಾ" ಅನ್ನುತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬೇಕಂತಲೇ ಮೂಕಪ್ಪನ ಓಣಿ ಸುತ್ತಿ ಹೋಗುತ್ತಿದ್ದ. ಮೊದಲು ಎರಡು ಮಗ್ಗದ ಸದ್ದು, ಆಮೇಲೆ ಒಂದರದು. ಅದೂ ನಿಂತ ದಿನ ಏಕಾಂತಪ್ಪ ಒಂದು ರೊಟ್ಟಿ ಹೆಚ್ಚು ಉಂಡ.

ವಾರದೊಳಗೆ ಮೂಕಪ್ಪ ಬಂದು ನಿಂತ. "ತಮ್ಮಾ, ನನ್ನ ಸೀರಿ ಕೊಳ್ಳೋ ಸಾವ್ಕಾರ ಎಲ್ಲಾ ವಾಪಸ್ ಕಳಿಸ್ಯಾನ. ಪ್ರೆಸ್ಸಿನಾಗ ಏನರ ಕೆಲಸ ಐತೇನು?"

ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಷಡ್ಡಕ ಗೋಣಿಯ ಧೂಳು ಮೈಗೆ ಬಳಿದುಕೊಂಡು ತನ್ನ ಪಕ್ಕದಲ್ಲೇ ತಿಣುಕುವುದನ್ನು ಕಣ್ಣಾರೆ ನೋಡುವ ಆಸೆ ಏಕಾಂತಪ್ಪನಿಗೆ. "ಬಾ ಯಣ್ಣಾ, ನನ್ನ ಕೈಕೆಳಗ ಹಾಕ್ಸಿಕೊಡ್ತೀನಿ," ಅಂದ. ಅದನ್ನೇ ಪ್ರೆಸ್ಸಿನಲ್ಲಿ ಹತ್ತು ಮಂದಿಗೆ ಹೇಳಿಯೂ ಬಂದ.

ಮೊದಲ ದಿನ ಬೇಕಂತಲೇ ಮೊಂಡು ದಬ್ಬಣ ಕೊಟ್ಟ. ಮೂಕಪ್ಪ ಒಂದು ಬೇಲಿನ ಹೊಲಿಗೆಯನ್ನು ನೋಡಿಕೊಂಡ, ಆಮೇಲೆ ಕೈ ಹಚ್ಚಿದ. ಹದಿನೈದು ವರ್ಷ ಮಗ್ಗದ ಮೇಲೆ ಹರಿದ ಎಳೆಗೆ ಗಂಟು ಹಾಕಿದ ಬೆರಳುಗಳು. ಹೊಲಿಯುವ ಸುತಳಿ ಹರಿದಲ್ಲೆಲ್ಲ ಮಿಕ್ಕವರು ಕೆಲಸ ನಿಲ್ಲಿಸಿ, ಹಲ್ಲಿನಿಂದ ಕಚ್ಚಿ, ಹೊಸೆದು ಕಟ್ಟುತ್ತಿದ್ದರು. ಮೂಕಪ್ಪ ಎರಡು ಬೆರಳಲ್ಲೇ ಗಂಟು ಹಾಕಿ ಮುಂದಕ್ಕೆ ಹೋಗುತ್ತಿದ್ದ. ಸಂಜೆಗೆ ಏಕಾಂತಪ್ಪನಿಗಿಂತ ನಾಲ್ಕು ಬೇಲು ಹೆಚ್ಚು.

ಮಲ್ಲಯ್ಯ ಹೊಲಿಗೆಯ ಮೇಲೆ ಕೈಯಾಡಿಸಿ, "ಏ ಏಕಾಂತಪ್ಪ, ಇಂಥಾ ಕೈ ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದೆಪಾ? ನಾಳಿಂದ ಮೂಕಪ್ಪ ಮುಂದ ಕೂಡಲಿ. ನೀ ಆತನ ಹಿಂದ ಗೋಣಿತಟ್ಟು ಹಿಡಿ" ಅಂದ.

"ತಮ್ಮ ಕರಕೊಂಡು ಬರದಿದ್ರ ನಾ ಎಲ್ಲಿರ್ತಿದ್ದೆ ಮೇಸ್ತ್ರಿ," ಅಂದ ಮೂಕಪ್ಪ. ಎಲ್ಲರೂ ಏಕಾಂತಪ್ಪನನ್ನು ಒಳ್ಳೆಯವನು ಅಂತ ಹೊಗಳಿದರು. ಒಂದೊಂದು ಮಾತೂ ಆತನಿಗೆ ದಬ್ಬಣದ ಹಂಗೆ ಚುಚ್ಚಿತು.

ದಾರಿಯಲ್ಲಿ ಮೂಕಪ್ಪ, "ಆ ಗಂಟು ಭಾಳ ಹಗುರ ಐತಿ ತಮ್ಮಾ. ನಾಳೆ ತೋರಿಸ್ತೀನಿ" ಅಂದ.

"ನನಗ ಬರತೈತಿ."

ಮನೆಯಲ್ಲಿ ಲಿಂಗಕ್ಕ, "ಭಾವ ಹೆಂಗ ಮಾಡಿದ್ರು?" ಅಂತ ಕೇಳಿದಳು.

"ಹಂಗೂ ಹಿಂಗೂ ಮಾಡಿದ," ಅಂದ ಏಕಾಂತಪ್ಪ. ಆಕೆಗೆ ಬೆನ್ನು ಮಾಡಿ ಪಡಸಾಲೆಯ ಮೂಲೆಯಲ್ಲಿ ಕೂತು, ಅಂಗಿಯ ಜೇಬಿನಿಂದ ಒಂದು ಮಾರು ಸುತಳಿ ತೆಗೆದ. ನಡುವೆ ಹರಿದು, ಮೂಕಪ್ಪನ ಹಂಗೆ ಎರಡು ಬೆರಳಲ್ಲಿ ಗಂಟು ಹಾಕಿ ಜಗ್ಗಿದ. ಬಿಚ್ಚಿಕೊಂಡಿತು. ಮತ್ತೆ ಹಾಕಿ, ಮತ್ತೆ ಜಗ್ಗಿದ.