ಆ ಮುಖಕ್ಕೆ ಬಣ್ಣ ಹಚ್ಚಿದವರು

ಬೆಳಗಿನ ಜಾವ. ಸುದ್ದಿವಾಹಿನಿಯ ಮೇಕಪ್ ಕೋಣೆಯಲ್ಲಿ ಕನ್ನಡಿಯ ಸುತ್ತಲಿನ ಬಲ್ಬುಗಳಷ್ಟೇ ಉರಿಯುತ್ತಿವೆ. ಮೊದಲ ವಾರ್ತೆ ಓದಬೇಕಾದ ಹುಡುಗಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಳೆ. "ನೀನು ಮಲಕ್ಕೋ ತಾಯಿ, ಮುಖ ನಾನು ಎಬ್ಬಿಸ್ತೀನಿ" ಎನ್ನುತ್ತಾ ಪೌಡರಕ್ಕ ಅವಳ ಕಣ್ಣಿನ ಕೆಳಗಿನ ಕಪ್ಪನ್ನು ಸ್ಪಂಜಿನಿಂದ ಒತ್ತಿ ಒತ್ತಿ ಮುಚ್ಚುತ್ತಾರೆ.

ಪೌಡರಕ್ಕ ಅನ್ನುವುದು ಇಲ್ಲಿನವರು ಇಟ್ಟ ಹೆಸರು. ಬೆಳಿಗ್ಗೆ ಆರೇಳು ಮುಖ, ಸಂಜೆ ಮತ್ತಷ್ಟು. ಅವುಗಳಲ್ಲಿ ಹದಿನಾರು ವರ್ಷ ತಪ್ಪದೆ ಬಂದ ಮುಖ ಒಂದೇ, ಸಂಜೆ ಚರ್ಚೆಯ ಆ ರಾಜಕೀಯ ವಿಶ್ಲೇಷಕರದು. ಹೋದ ವರ್ಷ ಅವರು ತೀರಿಕೊಂಡಾಗ ಅರ್ಧ ಊರು ಹೂವು ತಂದಿತು, ಇನ್ನರ್ಧ ಪೀಡೆ ತೊಲಗಿತು ಎಂದಿತು. ಎರಡಕ್ಕೂ ಕಾರಣವಿತ್ತು. ಮುಚ್ಚಿಹೋಗಿದ್ದ ಹೆರಿಗೆ ಆಸ್ಪತ್ರೆಯನ್ನು ಟಿವಿಯಲ್ಲಿ ವಾರವಿಡೀ ಕೂಗಾಡಿ ತೆರೆಸಿದವರು ಅವರೇ. ಮುಷ್ಕರ ಹೂಡಿದ ಬಸ್ ನೌಕರರನ್ನು ಗೆದ್ದಲು ಎಂದು ಜರಿದವರೂ ಅವರೇ. ಮರುದಿನವೇ ಡಿಪೋದ ಮೇಲೆ ಕಲ್ಲು ಬಿದ್ದವು. ಒಬ್ಬ ಮೆಕ್ಯಾನಿಕ್‌ನ ಕಣ್ಣು ಹೋಯಿತು.

ಪೌಡರಕ್ಕನ ಗಂಡನೂ ಅದೇ ಡಿಪೋದ ಮೆಕ್ಯಾನಿಕ್. ಕಣ್ಣು ಕಳೆದುಕೊಂಡವನು ಗಂಡನ ಜೀವದ ಗೆಳೆಯ.

"ಅವತ್ತಿಂದ ಮನೇಲಿ ಟಿವಿ ಬಂದ್. ಬರೀ ಸಿಟ್ಟು ಅಂದ್ಕೊಂಡಿದ್ದೆ. ಒಂದಿನ ಊಟಕ್ಕೆ ಬಡಿಸ್ತಿದ್ದೆ, ನನ್ನ ಕೈಯನ್ನೇ ನೋಡ್ತಾ ಕೂತಿದ್ರು. 'ಈ ಕೈ ನನ್ನ ಮುಖ ಮುಟ್ಟಿ ಎಷ್ಟು ದಿನ ಆಯ್ತು, ಹೇಳು' ಅಂದ್ರು. ನನಗೆ ನಗು ಬಂದ್ಬಿಡ್ತು. ನಗಬಾರದಿತ್ತು."

ಕೆಲಸ ಬಿಡಬಹುದಿತ್ತಲ್ಲ ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ.

"ಬಿಟ್ಟು? ಆ ಮುಖ ಬೇರೆಯವರು ಮುಟ್ಟೋದಾ? ಒಮ್ಮೆ ನಾನು ರಜೆ ಹಾಕಿದ್ದಾಗ ಇನ್ನೊಬ್ಬಳು ಹಚ್ಚಿದ್ಲು. ಸುಣ್ಣ ಬಳಿದ ಗೋಡೆ ಥರ ಕಂಡ್ರು. ಒಳಗೊಳಗೇ ಖುಷಿಯಾಯ್ತು ನೋಡಿ." ಸ್ಪಂಜನ್ನು ಮತ್ತೆ ಪೌಡರಿಗೆ ಅದ್ದುತ್ತಾರೆ. "ಅವರ ಮಾತು ನನಗೂ ಎಷ್ಟೋ ಸಲ ಸೇರ್ತಿರಲಿಲ್ಲ. ಗೆದ್ದಲು ಅಂದ ದಿನವೂ ಬೆವರೊರೆಸಿ ಕಳಿಸಿದ್ದು ನಾನೇ. ಬೆವರ್ತಾ ಕೂತಿದ್ರೆ ಜನ ಅಷ್ಟು ನಂಬ್ತಿದ್ರೋ ಇಲ್ವೋ."

ವಿಶ್ಲೇಷಕರು ಹೃದಯಾಘಾತದಿಂದ ಹೋದ ದಿನ ವಾಹಿನಿಯಿಂದ ಫೋನ್ ಬಂತು. ಅಂತಿಮ ದರ್ಶನದ ನೇರಪ್ರಸಾರವಿದೆ, ಮುಖ ಸರಿಮಾಡಬೇಕು. ಪೌಡರಕ್ಕ ಪೆಟ್ಟಿಗೆ ಎತ್ತಿಕೊಂಡರೆ ಗಂಡನೂ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟರು. "ನನ್ನ ಹೆಂಡ್ತಿ ಅಷ್ಟು ವರ್ಷ ತಿದ್ದಿದ್ದು ಎಂಥಾ ಮುಖ, ನೋಡೇಬಿಡ್ತೀನಿ" ಎಂದರಂತೆ.

ವಿಶ್ಲೇಷಕರ ಮನೆಯ ನಡುಕೋಣೆಯಲ್ಲಿ ನಿರೂಪಕಿಯೊಬ್ಬಳು ಕ್ಯಾಮೆರಾ ಮುಂದೆ ಬಿಕ್ಕುತ್ತಿದ್ದಳು: 'ನಾನು ಅವರ ಮಗಳ ಹಾಗೆ.' "ಅವಳು ವಾಹಿನಿಗೆ ಬಂದು ಆರು ತಿಂಗಳಾಗಿತ್ತಷ್ಟೇ! ನನಗೆ ಹೊಟ್ಟೆ ಉರಿದುಹೋಯ್ತು. ಇನ್ನಷ್ಟು ಮುತುವರ್ಜಿಯಿಂದ ಹಚ್ಚಿದೆ."

ಹಚ್ಚಿ ಮುಗಿಯುವ ಹೊತ್ತಿಗೆ ಸತ್ತವರ ಹೆಂಡತಿ ಒಳಗಿನಿಂದ ಬಂದರು. ಬಹಳ ಹೊತ್ತು ಮುಖ ನೋಡಿದರು. ಆಮೇಲೆ ಟವೆಲ್ ಒದ್ದೆ ಮಾಡಿ ತಂದು ಪೌಡರಕ್ಕನ ಕೈಗಿಟ್ಟರು.

"'ಇವರು ನಿಮ್ಮವರು, ನಮ್ಮನೆಯವರಲ್ಲ' ಅಂದ್ರು. 'ಇಷ್ಟು ವರ್ಷ ಊರಿಗೆಲ್ಲಾ ಕೊಟ್ಟಿದ್ದೆ. ಇವತ್ತೊಂದಿನ ನನಗೆ ಬೇಕು. ಒರೆಸಮ್ಮಾ.'"

ವಾಹಿನಿಯ ಮ್ಯಾನೇಜರ್ ಏನೋ ಹೇಳಲು ಬಂದ. ಆಕೆ ತಿರುಗಿಯೂ ನೋಡಲಿಲ್ಲ. ಪೌಡರಕ್ಕ ಒರೆಸಿದರು. ಸಿಡುಬಿನ ಕಲೆ, ಜೋತುಬಿದ್ದ ಕೆನ್ನೆ, ಬಣ್ಣದಡಿಯಿಂದ ದಣಿದ ಮುದುಕರೊಬ್ಬರು ಹೊರಬಂದರು.

"ಆ ಬರಿಮುಖ ನಾನೂ ದಿನಾ ನೋಡಿದ್ದೆ. ಆದ್ರೆ ನಾನು ನೋಡಿದ್ದು ಮುಚ್ಚೋಕೆ. ಆಯಮ್ಮ ಸುಮ್ನೆ ನೋಡಿದ್ರು. ಅದಕ್ಕೇ ಅವರ ಮೇಲೆ ನನಗೆ ಹೊಟ್ಟೆಕಿಚ್ಚು. ಈಗಲೂ ಹೋಗಿಲ್ಲ."

ಬಾಗಿಲಲ್ಲಿ ನಿಂತು ಗಂಡನೂ ನೋಡುತ್ತಿದ್ದರು. ವಾಪಸು ಬಂದು ಮನೆಯ ಬೀಗ ತೆಗೆಯುವಾಗ ಅಂದರು: "ಇಷ್ಟೇನಾ ಆಸಾಮಿ? ಇವನ ಮೇಲಾ ನಾನು ಇಷ್ಟು ವರ್ಷ ಉರ್ಕೊಂಡಿದ್ದು?" ಒಳಗೆ ಹೋಗಿ ಕೂತ ಮೇಲೆ ಇನ್ನೊಂದು ಮಾತು: "ಕಣ್ಣು ಹೋದವನಿಗೆ ಏನಂತ ಹೇಳ್ಲಿ? ಇಷ್ಟೇ ಇದ್ದ ಕಣೋ ಅಂತಲಾ?"

ನಾನು ಹೊರಡಲು ಏಳುವ ಹೊತ್ತಿಗೆ ಸತ್ತವರ ಜಾಗಕ್ಕೆ ಬಂದಿರುವ ಹೊಸ ವಿಶ್ಲೇಷಕರು ಕೋಣೆಗೆ ನುಗ್ಗುತ್ತಾರೆ. ಜಾಹೀರಾತಿನ ಚಿತ್ರೀಕರಣವಿದೆಯಂತೆ. ವಾರ್ತೆಯ ಹುಡುಗಿ ಎದ್ದು ಹೋದ ಕುರ್ಚಿಯಲ್ಲಿ ಒರಗಿ, "ಅಕ್ಕಾ, ಅವರಿಗೆ ಹುಬ್ಬು ತಿದ್ತಿದ್ರಲ್ಲ, ಹಾಗೇ ನನಗೂ ತಿದ್ದಿ. ಅವರು ಏನು ಬೈದ್ರೂ ಜನ ನಂಬ್ತಿದ್ರು" ಎನ್ನುತ್ತಾರೆ.

ಪೌಡರಕ್ಕ ಅವರ ಮುಖವನ್ನು ಬೆಳಕಿನತ್ತ ಅತ್ತ ಇತ್ತ ತಿರುಗಿಸಿ ಅಳೆದು ನೋಡುತ್ತಾರೆ. "ನಿಮಗೆ ಒಪ್ಪಲ್ಲ ಸಾರ್." ಒಂದಿಷ್ಟು ಪೌಡರ್ ತಟ್ಟಿ ಕಳಿಸಿಬಿಡುತ್ತಾರೆ.

ಬಾಗಿಲು ಮುಚ್ಚಿದ ಮೇಲೆ ನಲ್ಲಿಯ ಕೆಳಗೆ ಬ್ರಷ್ ಹಿಡಿದು, ನನ್ನತ್ತ ನೋಡದೆಯೇ ಹೇಳುತ್ತಾರೆ:

"ಒಪ್ತಿತ್ತು. ಅವರಿಗಿಂತ ಚೆನ್ನಾಗಿ ಒಪ್ತಿತ್ತು. ನಾನು ಕೊಡಲ್ಲ."